ಬೆಂಗಳೂರಿನ ‘ಧ್ರುವ’ ಮತ್ತು ಆಟದ ಕಸುಬು



ಗುಂಡಗುರ್ತಿ, ಶಹಾಬಾದ್, ವಾಡಿ ಕಡೆಯವರಾದ ನಿಮಗೆ ಫರ್ಸಿ ಕಲ್ಲಿನ ವಿಷಯ ಹೇಳಬೇಕಾಗಿಲ್ಲ. ಊರೂರುಗಳ ಮನೆಯ ನೆಲ ಸೇರಿದ ಆ ಕಲ್ಲಿಗೆ ಶಹಾಬಾದಿನ ಹೆಸರಾದರೂ ಉಳಿದಿದೆ. ಕಡಿದವರ ಹೆಸರು ಉಳಿದಿಲ್ಲ. ವಿಡಿಯೋ ಆಟಗಳ ಲೋಕದಲ್ಲೂ ಹೀಗೆ ಹೆಚ್ಚಾಗಿ ಪರರ ಹೆಸರಿಗೆ ದುಡಿದ ಸಂಸ್ಥೆಯೊಂದು ಬೆಂಗಳೂರಿನಲ್ಲಿತ್ತು. ಅದೇ ಧ್ರುವ ಇಂಟರಾಕ್ಟಿವ್.

ರಾಜೇಶ್ ರಾವ್ ಅವರು ಇದನ್ನು ಆರಂಭಿಸಿದ್ದು 1997ರಲ್ಲಿ. ನಮ್ಮ ದೇಶದ ಮೊದಲ ವಿಡಿಯೋ ಆಟದ ಸಂಸ್ಥೆಯೆಂದು ಇದನ್ನು ಗುರುತಿಸುತ್ತಾರೆ. ಅದೇ ವರ್ಷ ಸ್ಕಾಟ್ಲೆಂಡಿನ ಡಂಡೀ ನಗರದ ಡಿಎಂಎ ಡಿಸೈನ್ ಎಂಬ ಪುಟ್ಟ ಸಂಸ್ಥೆ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬ ಆಟವನ್ನು ಹೊರತಂದಿತು. ಅದರ ಸ್ಥಾಪಕ ಡೇವಿಡ್ ಜೋನ್ಸ್ ಡಂಡೀಯ ಟೈಮೆಕ್ಸ್ ಕಾರ್ಖಾನೆಯಲ್ಲಿದ್ದವರು. ಅಲ್ಲಿ ಸ್ಪೆಕ್ಟ್ರಮ್ ಎಂಬ ಅಗ್ಗದ ಗೃಹ ಕಂಪ್ಯೂಟರ್ ತಯಾರಾಗುತ್ತಿತ್ತು. ಅಲ್ಲಿನ ಹುಡುಗರು ಮನೆಯಲ್ಲೇ ಆಟ ಬರೆಯಲು ಕಲಿತರು. ನಮ್ಮ ಹುಡುಗರಿಗೆ ಆ ಅನುಕೂಲ ಎಲ್ಲಿತ್ತು?

ಧ್ರುವಕ್ಕೆ ಮೊದಮೊದಲು ಕೆಲಸ ಕೊಟ್ಟವರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಒಂದು. ‘ಮಿಷನ್ ಇಂಪಾಸಿಬಲ್’ ಆಟವನ್ನು ಕಂಪ್ಯೂಟರಿಗೆ ಹೊಂದಿಸುವ ಕೆಲಸ. ಆ ಆಟ 1998ರಲ್ಲಿ ನಿಂಟೆಂಡೊ ಯಂತ್ರಕ್ಕೆ ಬಂತು. ಕಂಪ್ಯೂಟರಿಗೆ ಬರಲೇ ಇಲ್ಲ. ಮುಂದೆ ಧ್ರುವದ ಕೈಹಿಡಿದದ್ದು ಬೇರೆಯವರ ಆಟಗಳಿಗೆ ಚಿತ್ರ ರೂಪಿಸುವ ಕೆಲಸ. ಮೈಕ್ರೋಸಾಫ್ಟಿನ ‘ಫೋರ್ಜಾ’ ಸರಣಿಯ ಕಾರುಗಳಲ್ಲಿ ಅವರ ದುಡಿಮೆಯಿದೆ.

ತೆರೆಯ ಮೇಲೆ ಕಾರು ಹೇಗೆ ಮೂಡುತ್ತದೆ, ಬಲ್ಲಿರಾ? ಅದರ ಮೈಯೆಲ್ಲ ತ್ರಿಕೋನಗಳ ಬಲೆ. ತ್ರಿಕೋನವೇ ಏಕೆಂದರೆ, ಯಾವ ಮೂರು ಬಿಂದುಗಳನ್ನು ಕೊಟ್ಟರೂ ಅವು ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯದು ಸೇರಿದರೆ ಆ ಭರವಸೆಯಿಲ್ಲ. ತಗ್ಗುದಿಣ್ಣೆಯ ನೆಲದ ಮೇಲೆ ನಾಲ್ಕು ಕಾಲಿನ ಸ್ಟೂಲು ಅಲುಗಾಡಿ, ಮೂರು ಕಾಲಿನದು ನಿಲ್ಲುವುದೂ ಇದೇ ಕಾರಣಕ್ಕೆ. ತ್ರಿಕೋನಗಳು ಹೆಚ್ಚಿದಷ್ಟೂ ಕಾರು ನುಣುಪು, ಯಂತ್ರಕ್ಕೆ ಹೊರೆ. ಎಲ್ಲಿ ಉಳಿಸಬೇಕು, ಎಲ್ಲಿ ಕಳೆಯಬೇಕೆಂಬುದೇ ಕಸುಬು. ಇದನ್ನು ಬರೀ ಗುತ್ತಿಗೆ ಕೆಲಸವೆಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಯಕ್ರಮದ ಕೊನೆಗೆ ಓಡುವ ಹೆಸರುಗಳನ್ನು ನೀವು ಓದದಿದ್ದರೂ ದೂರದರ್ಶನದ ನಾವು ತಪ್ಪದೆ ಓದುತ್ತೇವೆ!

2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಮುಂದೆ ಹಣದ ಮುಗ್ಗಟ್ಟಿಗೆ ಸಿಲುಕಿ, 2019ರಲ್ಲಿ ತನ್ನ ಪಾಲನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಡಂಡೀಯ ಆ ಡಿಎಂಎ ಡಿಸೈನ್ ಕೂಡ ಅಷ್ಟರಲ್ಲಿ ರಾಕ್‌ಸ್ಟಾರ್ ನಾರ್ತ್ ಎಂಬ ಹೆಸರಿನಿಂದ ಇದೇ ಮನೆಯ ಮಗುವಾಗಿತ್ತು. ಧ್ರುವದ ನೂರಾರು ಕೆಲಸಗಾರರು ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಸೇರಿದರು. ಧ್ರುವ ಎಂಬ ಹೆಸರು ಅಲ್ಲಿಗೆ ನಿಂತಿತು.