ಆಗಸ್ಟ್ ಒಂದು ಮತ್ತು ಎರಡು ಕಡಲು

ಆಗಸ್ಟ್ ಒಂದು ಬಂತೆಂದರೆ ನನಗೆ ಎರಡು ಕಡಲು ಒಟ್ಟಿಗೆ ನೆನಪಾಗುತ್ತೆ. ಅತ್ತ ಮಲ್ಪೆಯ ಬೋಟುಗಳಿಗೆ 61 ದಿನಗಳ ಮಳೆಗಾಲದ ರಜೆ ಅಂದಿಗೆ ಮುಗಿಯುತ್ತೆ. ಇತ್ತ ಬಹರೈನ್‌ನಲ್ಲಿ ಸಿಗಡಿ ಹಿಡಿಯೋದಕ್ಕೆ ಫೆಬ್ರವರಿಯಿಂದ ಇರುವ ನಿಷೇಧವೂ ಈಚಿನ ವರ್ಷಗಳಲ್ಲಿ ಜುಲೈ ಕೊನೆಗೇ ಮುಗಿಯುತ್ತೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿಯವರ ಅಚ್ಚುಮೆಚ್ಚಿನ ಸಾಫಿ ಮೀನಿಗೂ ರಜೆ.

ಹಿಂದೆ ಕಡಲಿಗೆ ಬಾಗಿಲು ಹಾಕ್ತಾ ಇದ್ದದ್ದು ಸರ್ಕಾರವಲ್ಲ, ಋತು. ನಮ್ಮಲ್ಲಿ ಮುಂಗಾರಿನ ಅಲೆ ದೋಣಿಗಳನ್ನು ದಡಕ್ಕೆ ಹತ್ತಿಸಿಬಿಡುತ್ತಿತ್ತು. ಇಲ್ಲಿ ಬೇಸಿಗೆ ಬಂದರೆ ಸಾವಿರಾರು ಗಂಡಸರು ನಾಖುದಾನ ಹಿಂದೆ ಮುತ್ತು ತೆಗೆಯಲು ಹೊರಟುಬಿಡುತ್ತಿದ್ದರು. ದಡದ ಹಳ್ಳಿಗಳಲ್ಲಿ ಮೀನು ಹಿಡಿಯೋ ಕೆಲಸ ಬಹುಮಟ್ಟಿಗೆ 'ಹದ್ರಾ'ಗಳದ್ದು.

ಹದ್ರಾ ಅಂದರೆ ಖರ್ಜೂರದ ಗರಿಯ ದಿಂಡಿನಿಂದ ಆಳವಿಲ್ಲದ ನೀರಲ್ಲಿ ಕಟ್ಟಿದ ಬೇಲಿ. ಮೇಲಿಂದ ನೋಡಿದರೆ ಬಾಣದ ಹಾಗೆ ಕಾಣುತ್ತೆ. ಭರತದಲ್ಲಿ ದಡದ ಹತ್ತಿರ ಮೇಯಲು ಬಂದ ಮೀನು, ಇಳಿತ ಶುರುವಾದಾಗ ಆಳಕ್ಕೆ ಹೊರಡುತ್ತೆ. ಬೇಲಿ ಅಡ್ಡ ಬರುತ್ತೆ. ಅದರ ಪಕ್ಕದಲ್ಲೇ ಈಜುತ್ತಾ ಹೋಗಿ ತುದಿಯ ಕೋಣೆ ಹೊಕ್ಕರೆ ಮುಗೀತು, ವಾಪಸು ದಾರಿ ಸಿಗೋದಿಲ್ಲ. ನೀರು ಇಳಿದ ಮೇಲೆ ಮನುಷ್ಯ ನಡೆದೇ ಹೋಗಿ ಬಾಚಿಕೊಂಡು ಬರಬಹುದು. ಇಂಜಿನ್ ಬೇಡ, ಡೀಸೆಲ್ ಬೇಡ. ಅಮಾವಾಸ್ಯೆ-ಹುಣ್ಣಿಮೆಯ ಲೆಕ್ಕ ಗೊತ್ತಿರಬೇಕು, ಅಷ್ಟೆ!

ಈ ಬೇಲಿಗಳ ಬಗ್ಗೆ ಆರ್. ಬಿ. ಸರ್ಜೆಂಟ್ ಎಂಬ ವಿದ್ವಾಂಸ 1968ರಲ್ಲೇ ಲೇಖನ ಬರೆದಿದ್ದಾರೆ. ಸ್ವಾರಸ್ಯ ಏನೆಂದರೆ, ಹದ್ರಾದ ಜಾಗಕ್ಕೆ ಹೊಲದ ಹಾಗೆ ಒಡೆಯರಿದ್ದರು. ಗುತ್ತಿಗೆಗೆ ಕೊಡಬಹುದಿತ್ತು, ಮಕ್ಕಳಿಗೆ ಬಿಡಬಹುದಿತ್ತು, ವಕ್ಫ್‌ಗೂ ಬರೆದುಕೊಡಬಹುದಿತ್ತು. ನೀರಿನ ಮೇಲಿನ ಆಸ್ತಿ!

ಆಮೇಲೆ? ಜಪಾನಿನ ಸಾಕಿದ ಮುತ್ತು ಮತ್ತು ಜಗತ್ತಿನ ಆರ್ಥಿಕ ಕುಸಿತ ಸೇರಿ ಇಲ್ಲಿಯ ಮುತ್ತಿನ ವ್ಯಾಪಾರವನ್ನು ಮುಳುಗಿಸಿದವು. 1932ರಲ್ಲಿ ಎಣ್ಣೆ ಸಿಕ್ಕಿತು. ಇಂಜಿನ್ ದೋಣಿ, ನೈಲಾನ್ ಬಲೆ, ಸಿಗಡಿಯ ಟ್ರಾಲರ್ ಬಂದವು. ಎಲ್ಲಕ್ಕಿಂತ ಹೆಚ್ಚಾಗಿ ದಡವೇ ಜಾಗ ಬದಲಿಸಿತು. ಒಂದು ಕಾಲಕ್ಕೆ 700 ಚದರ ಕಿಲೋಮೀಟರಿಗೂ ಕಡಿಮೆ ಇದ್ದ ದೇಶ ಸಮುದ್ರಕ್ಕೆ ಮಣ್ಣು ತುಂಬಿಸಿಕೊಂಡೇ ಇಂದು 780 ದಾಟಿದೆ. ತುಂಬಿಸಿದ್ದು ಮೀನು ಮರಿಮಾಡಿ ಮೇಯುವ ಆಳವಿಲ್ಲದ ನೀರನ್ನೇ. 2018ರಲ್ಲಿ ತಳ ಬಾಚುವ ಟ್ರಾಲ್ ಬಲೆ ನಿಷೇಧ ಆಯ್ತು. ಆದರೆ ಹೋದ ದಡವನ್ನು ಯಾವ ಕಾನೂನು ವಾಪಸು ತರುತ್ತೆ?

ಸಿತ್ರಾದಲ್ಲಿ ಒಬ್ಬ ಮುದುಕರು ನನಗೆ ರಸ್ತೆಯೊಂದನ್ನು ತೋರಿಸಿ, "ನಮ್ಮಜ್ಜನ ಹದ್ರಾ ಇದ್ದದ್ದು ಇಲ್ಲೇ" ಅಂದರು. ನನಗೆ ತಟ್ಟನೆ ನನ್ನಜ್ಜನ ರಂಪಣಿ ನೆನಪಾಯ್ತು. ಹತ್ತಾರು ಜನ ಸೇರಿ ದಡದಿಂದ ಎಳೆಯುತ್ತಿದ್ದ ಆ ಮಹಾ ಬಲೆ, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೂಲೆ ಸೇರಿತು. ಬಂಗುಡೆಯ ಹಿಂಡು ದಡ ಮುಟ್ಟುವ ಮೊದಲೇ ಖಾಲಿ. ಅಲ್ಲಿ ಮೀನು ದಡಕ್ಕೆ ಬರೋದು ನಿಂತಿತು, ಇಲ್ಲಿ ದಡವೇ ಮೀನಿನ ಮೇಲೆ ಬಂತು.

ಹದ್ರಾ, ರಂಪಣಿ ಎರಡೂ ಮೀನನ್ನು ಬೆನ್ನಟ್ಟುತ್ತಿರಲಿಲ್ಲ, ಬರಲಿ ಅಂತ ಕಾಯುತ್ತಿದ್ದವು. ಕಾಯುವುದು ಮರೆತ ಮೇಲೆ ಕಾನೂನು ನಮ್ಮನ್ನು ಜುಲೈ 31ರವರೆಗೆ ಕಾಯಿಸುತ್ತಿದೆ, ಅಲ್ವಾ?