ಕೆರೆಯ ಸೀಸ, ಹೊಲದ ಸೀಸ: ಮಾಗಡಿ–ಸಿಂಗಟಾಲೂರು ಸೀಮೆಯ ನೀರುಹಕ್ಕಿಗಳು ಮತ್ತು ಮದ್ದುಗುಂಡಿನ ಪ್ರಶ್ನೆ

ಬೇಟೆಗಾರರೂ ಗುರಿಕಾರರೂ ಸೀಸದ ಗುಂಡನ್ನು ಬಿಡಬೇಕೆ ಎಂದು ಕೇಳಿದರೆ ನಮ್ಮಲ್ಲಿ ಮೊದಲು ಬರುವ ಉತ್ತರ ಒಂದೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಬೇಟೆಯೇ ಇಲ್ಲ, ಬೇಟೆ ಇಲ್ಲದಿರುವಾಗ ಗುಂಡಿನ ಲೋಹ ಯಾವುದಾದರೇನು? ಹೊರದೇಶಗಳಲ್ಲಿ ಬೇರೂರಿರುವ ಉತ್ತರ ಬೇರೆ. ಜೌಗು, ಕೆರೆ, ಹಿನ್ನೀರುಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿದರೆ ನೀರುಹಕ್ಕಿಗಳು ಉಳಿಯುತ್ತವೆ, ಉಳಿದ ಕಡೆ ಅವಸರವಿಲ್ಲ ಎಂಬುದು ಅದರ ತಿರುಳು. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಸಿಂಗಟಾಲೂರು ಬ್ಯಾರೇಜಿನ ಹಿನ್ನೀರನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡೂ ಉತ್ತರಗಳು ಸಾಲವು. ಮೊದಲನೆಯದು ಮಣ್ಣಿನಲ್ಲಿ ಈಗಾಗಲೇ ಇರುವುದನ್ನು ಮರೆಯುತ್ತದೆ. ಎರಡನೆಯದು ಈ ಸೀಮೆಯ ಹೆಬ್ಬಾತು ಮೇಯುವ ಜಾಗವನ್ನೇ ಮರೆಯುತ್ತದೆ.

ಸ್ಥಳದ ಬಗ್ಗೆ ಎರಡು ಮಾತು. ಲಕ್ಷ್ಮೇಶ್ವರಕ್ಕೆ ಹತ್ತಿರದ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಮಳೆನೀರು ಹಿಡಿದು ಹೊಲಕ್ಕೆ ಹರಿಸಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು 2024ರ ಜನವರಿ ಕೊನೆಯಲ್ಲಿ ಘೋಷಣೆಯಾಯಿತು. ಚಳಿಗಾಲದಲ್ಲಿ ಇಲ್ಲಿ ಇಳಿಯುವ ಪಟ್ಟೆತಲೆ ಹೆಬ್ಬಾತುಗಳು ಸುಮಾರು 8,000. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ವೀರಭದ್ರೇಶ್ವರನ ಗುಡಿಗೆ ಹೆಸರಾದ ತುಂಗಭದ್ರೆಯ ದಂಡೆಯ ಊರು. ಅದರ ಹೆಸರಿನ ಏತ ನೀರಾವರಿ ಯೋಜನೆಯ ಬ್ಯಾರೇಜು ಇರುವುದು ಹಮ್ಮಿಗಿಯಲ್ಲಿ. ಬೇಸಿಗೆಯಲ್ಲಿ ಬರೀ ಮರಳಾಗುತ್ತಿದ್ದ ಹೊಳೆಯಲ್ಲಿ ಈಗ ನೀರು ನಿಲ್ಲುತ್ತದೆ. ನೀರು ನಿಂತಲ್ಲಿಗೆ ಬಾತುಗಳು ಬರುತ್ತವೆ. ನೀರುಂಡ ಹೊಲಕ್ಕೆ ಮೆಕ್ಕೆಜೋಳ ಬಂದರೆ ಹಿಂದೆಯೇ ಕಾಡುಹಂದಿ ಬರುತ್ತದೆ, ಹಂದಿಯ ಹಿಂದೆ ಬಂದೂಕು.

ವಿದ್ವಾಂಸರಲ್ಲಿ ಒಮ್ಮತವಿರುವ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. ಚರೆ ನುಂಗಿ ಬಾತುಗಳು ಸಾಯುತ್ತವೆ ಎಂದು ಅಮೆರಿಕದ ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲೇ ಬರೆದಿದ್ದರು. ಹಕ್ಕಿಗೆ ಹಲ್ಲಿಲ್ಲ. ಅದು ಹರಳು ನುಂಗಿ, ಗಿಜರ್ಡ್ ಎಂಬ ಗಟ್ಟಿ ಸ್ನಾಯುವಿನ ಹೊಟ್ಟೆಯಲ್ಲಿ ಕಾಳನ್ನು ಅರೆಯುತ್ತದೆ. ಎರಡು-ಮೂರು ಮಿಲಿಮೀಟರಿನ ಚರೆ ಅದರ ಕಣ್ಣಿಗೆ ಹರಳೇ. ಹರಳಿನ ಜೊತೆ ಉಜ್ಜಿ, ಹೊಟ್ಟೆಯ ಆಮ್ಲದಲ್ಲಿ ಕರಗಿ, ಸೀಸ ರಕ್ತಕ್ಕೆ ಸೇರುತ್ತದೆ. ನಂಜೇರಿದ ಹಕ್ಕಿಯ ರೆಕ್ಕೆಗಳು ಮನೆಯ ಮಾಡಿನಂತೆ ಇಳಿಬೀಳುತ್ತವೆ, ಹಿಕ್ಕೆ ಹಸಿರಾಗುತ್ತದೆ, ಎದೆಯ ಮಾಂಸ ಕರಗಿ ಎದೆಗೂಡಿನ ಏಣು ಎದ್ದು ಕಾಣುತ್ತದೆ. ಫ್ರಾಂಕ್ ಬೆಲ್‌ರೋಸ್ 1959ರ ಪ್ರಬಂಧದಲ್ಲಿ 36 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳ ಹೊಟ್ಟೆ ಪರೀಕ್ಷೆಯ ಲೆಕ್ಕ ಕೊಟ್ಟು, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿವರ್ಷ ನೂರಕ್ಕೆ ಎರಡು-ಮೂರು ಸೀಸದಿಂದ ಸಾಯುತ್ತವೆಂದು ಅಂದಾಜಿಸಿದರು. ಅಮೆರಿಕ 1991ರಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಿತು. ಬೇಟೆಗಾರ ಬಿಟ್ಟುಹೋದ ಕಳೇಬರ ತಿಂದ ಹದ್ದು, ಕಾಂಡೋರ್‌ಗಳಿಗೂ ಇದೇ ಗತಿ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ತಕರಾರಿರುವುದು ಬೆಲ್‌ರೋಸ್ ಅದೇ ಪ್ರಬಂಧದಲ್ಲಿ ಕೆರೆಯ ತಳದ ಬಗ್ಗೆ ಹೇಳಿದ ಮಾತಿನಲ್ಲಿ. ಗಟ್ಟಿ ತಳದಲ್ಲಿ ಚರೆ ಮೇಲೆಯೇ ಉಳಿದು ಹಕ್ಕಿಗೆ ಸಿಗುತ್ತದೆ, ಮೆತ್ತನೆಯ ಕೆಸರಿನಲ್ಲಿ ಬೇಗ ಹೂತುಹೋಗಿ ಅಪಾಯ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಅವರು ಕಂಡ ನೆಲಕ್ಕೆ ಅದು ಸರಿಯೇ. ಇದನ್ನೇ ಹಿಡಿದು, ಹೂಳು ತುಂಬಿದ ನಮ್ಮ ಕೆರೆಗಳಲ್ಲಿ ಹಳೆಯ ಬೇಟೆಯ ಸೀಸ ಹೂತು ಮುಗಿದ ಕತೆ ಎಂದು ಯಾರಾದರೂ ಹೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಕಾರಣ ಎರೆಮಣ್ಣು.

ಮಾಗಡಿಯ ಸುತ್ತ ಎರೆಯೂ ಇದೆ, ಮಸಾರಿಯೂ ಇದೆ. ಮಸಾರಿಯ ಮಾತು ಬೇರೆ. ಎರೆ ಮಾತ್ರ ಸುಮ್ಮನೆ ಮಲಗುವ ಮಣ್ಣಲ್ಲ. ಏಪ್ರಿಲ್‌–ಮೇನಲ್ಲಿ ಎರೆಹೊಲದ ಬಿರುಕಿಗೆ ಕೈಬಿಟ್ಟರೆ ಮೊಳಕೈವರೆಗೆ ಇಳಿಯುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕಿಗೆ ಉದುರುತ್ತದೆ, ಮಳೆ ಬಿದ್ದಾಗ ಜೇಡಿ ಉಬ್ಬಿ, ಜಾಗ ಸಾಲದೆ ಕೆಳಗಿನ ಮಣ್ಣು ಮೇಲಕ್ಕೆ ಒತ್ತರಿಸಿಕೊಂಡು ಬರುತ್ತದೆ. ಮಣ್ಣುವಿಜ್ಞಾನಿಗಳು ವರ್ಟಿಸಾಲ್ ಎಂದು ಕರೆಯುವ ಈ ಮಣ್ಣಿನ ಗುಣವೇ ತನ್ನನ್ನು ತಾನು ಮಗುಚಿಕೊಳ್ಳುವುದು. ಬಿರುಕಿಗೆ ಬಿದ್ದ ಚರೆ ಕೆಲವು ಸಲ ಆಳಕ್ಕೆ ಹೋಗುತ್ತದೆ, ನಿಜ. ಆದರೆ ಹೋದದ್ದು ಹೋದಲ್ಲೇ ಇರುತ್ತದೆ ಎನ್ನಲು ಆಧಾರವಿಲ್ಲ. ವರ್ಷಪೂರ್ತಿ ನೀರು ನಿಲ್ಲುವ ಜೌಗಿಗೆ ಹೊಂದುವ ಮಾತನ್ನು ಬೇಸಿಗೆಗೆ ಒಣಗುವ ಕೆರೆಯ ಅಂಗಳಕ್ಕೆ ಹಾಗೆಯೇ ಹೊಂದಿಸಲಾಗದು.

ಇದಕ್ಕೆ ಮನುಷ್ಯನ ಕೈಯೂ ಸೇರುತ್ತದೆ. ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವುದು ಈ ಭಾಗದ ಹಳೆಯ, ಒಳ್ಳೆಯ ಪದ್ಧತಿ. ಬಂಡಿಯಲ್ಲಿ ಹೋಗುತ್ತಿದ್ದ ಹೂಳು ಈಗ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ಹೂಳಿನೊಂದಿಗೆ ಅದರೊಳಗಿರುವ ಎಲ್ಲವೂ ಹೊಲ ಸೇರುತ್ತದೆ. ಬೆಲ್‌ರೋಸರ ಲೆಕ್ಕದಲ್ಲಿ ಕೆರೆಯ ತಳಕ್ಕೆ ಇಳಿದು ಮುಗಿದ ಚರೆ, ನಮ್ಮಲ್ಲಿ ಹೊಲದ ಮೇಲ್ಮಣ್ಣಾಗಿ ಮರುಹುಟ್ಟು ಪಡೆಯಬಲ್ಲದು.

ಅಷ್ಟು ವರ್ಷ ಚರೆ ಉಳಿದೀತೆ ಎಂಬ ಪ್ರಶ್ನೆ ನ್ಯಾಯವಾದದ್ದು. ಡೆನ್ಮಾರ್ಕಿನಲ್ಲಿ ಯೋರ್ಗೆನ್ಸೆನ್ ಮತ್ತು ವಿಲೆಮ್ಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಣ್ಣಿನಲ್ಲಿ ಚರೆ ಪೂರ್ತಿ ಬೇರೆ ಸಂಯುಕ್ತವಾಗಿ ಮಾರ್ಪಡಲು 100ರಿಂದ 300 ವರ್ಷ ಬೇಕು. ಮಣ್ಣನ್ನು ಚೆನ್ನಾಗಿ ಉತ್ತು ಕಲಕಿದರೆ ಇದು ಬೇಗ ಆಗುತ್ತದೆ ಎಂಬುದನ್ನೂ ಅವರು ಹೇಳಿದ್ದಾರೆ, ಅದು ನನ್ನ ವಾದಕ್ಕೆ ಸ್ವಲ್ಪ ವಿರುದ್ಧವೇ. ಆದರೆ ನಮ್ಮ ಎರೆ ಸುಣ್ಣದ ಅಂಶವಿರುವ, ಕ್ಷಾರದ ಕಡೆಗೆ ವಾಲಿದ ಮಣ್ಣು. ಇಂಥ ಮಣ್ಣಿನಲ್ಲಿ ಸೀಸದ ಮೇಲೆ ಕಾರ್ಬೊನೇಟಿನ ಬಿಳಿ ಪೊರೆ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಬೆಳೆಯ ಬೇರಿಗೆ ಇದು ಒಳ್ಳೆಯ ಸುದ್ದಿ, ಕರಗದ ಸೀಸವನ್ನು ಗಿಡ ಅಷ್ಟಾಗಿ ಹೀರುವುದಿಲ್ಲ. ಹಕ್ಕಿಗೆ ಕೆಟ್ಟ ಸುದ್ದಿ, ಏಕೆಂದರೆ ಕಾಳಿನಷ್ಟೇ ಗಾತ್ರದ ಚರೆ ಚರೆಯಾಗಿಯೇ ಉಳಿಯುತ್ತದೆ. 1972ಕ್ಕೆ ಮೊದಲು ಬಿದ್ದದ್ದೂ ಇದ್ದೀತು ಎನ್ನಲು ಇಷ್ಟು ಸಾಕು.

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಆಫ್ರಿಕಾ–ಯುರೇಷ್ಯಾ ನೀರುಹಕ್ಕಿ ಒಪ್ಪಂದವು 2000ನೇ ಇಸವಿಯೊಳಗೆ ಜೌಗುಗಳಲ್ಲಿ ಸೀಸದ ಚರೆ ನಿಲ್ಲಿಸಬೇಕೆಂದಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಫೆಬ್ರುವರಿ 15ರಿಂದ ಜೌಗಿನೊಳಗೆ ಹಾಗೂ ಅದರ ಸುತ್ತ 100 ಮೀಟರಿನೊಳಗೆ ಸೀಸದ ಚರೆ ಹಾರಿಸುವಂತಿಲ್ಲ. ಇವು ಜಾಗಕ್ಕೆ ಕಟ್ಟಿದ ನಿಯಮಗಳು. ನೀರಲ್ಲೇ ಮೇಯುವ ಬಾತಿಗೆ ಇವು ಒದಗುತ್ತವೆ. ಮಾಗಡಿಯಲ್ಲಿ ಕಾಣುವ, ಅಳಿವಿನ ಅಂಚಿಗೆ ಸರಿಯುತ್ತಿರುವ ಪೋಚರ್ಡ್ ಎಂಬ ಮುಳುಗು ಬಾತಿಗೆ ಇಂಥ ನಿಯಮ ಬೇಕೇ ಬೇಕು. ಆದರೆ ಪಟ್ಟೆತಲೆ ಹೆಬ್ಬಾತು ಕೆರೆಯನ್ನು ಬಳಸುವುದು ಹೆಚ್ಚಾಗಿ ವಿಶ್ರಾಂತಿಗೆ. ಹಗಲು ನೀರಲ್ಲಿ ತೇಲಿಕೊಂಡಿದ್ದು, ಸಂಜೆಗೆ ಸಾಲುಗಟ್ಟಿ ಎದ್ದು, ಶೇಂಗಾ, ಕಡಲೆ, ಜೋಳದ ಹೊಲಗಳಿಗೆ ಇಳಿಯುತ್ತದೆ. ಕಾಳು ಆರಿಸುವುದೂ ಹರಳು ನುಂಗುವುದೂ ಬಹುಪಾಲು ಅಲ್ಲೇ. 100 ಮೀಟರಿನ ಗೆರೆ ಎಳೆದರೆ ಹೆಬ್ಬಾತಿನ ಊಟದ ಎಲೆ ಆ ಗೆರೆಯ ಹೊರಗೇ ಉಳಿಯುತ್ತದೆ. ಕಾಳು ತಿನ್ನುವ ಹಕ್ಕಿಗೆ ಸೀಸ ಹೆಚ್ಚು ಬಾಧಿಸುತ್ತದೆ ಎಂಬುದನ್ನು ಬೆಲ್‌ರೋಸರೂ ತೋರಿಸಿದ್ದಾರೆ, ಈ ವಿಷಯದಲ್ಲಿ ಅವರ ಸಾಕ್ಷ್ಯ ನನ್ನ ಕಡೆಗಿದೆ. ಆದ್ದರಿಂದ ನನ್ನ ವಾದ: ನಿಷೇಧವನ್ನು ಜಾಗಕ್ಕಲ್ಲ, ಸರಕಿಗೆ ಕಟ್ಟಬೇಕು. ಸೀಸದ ತೋಟೆಯ ತಯಾರಿಕೆ, ಮಾರಾಟ, ಬಳಕೆ ಮೂರೂ ಹಂತಹಂತವಾಗಿ ನಿಲ್ಲಬೇಕು.

ಈ ಮಾತಿಗೆ ಮಿತಿಗಳನ್ನೂ ನಾನೇ ಹೇಳಬೇಕು. ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕಿನಿಂದ ಹೊಲದಲ್ಲಿ ಹಾರುವ ಗುಂಡುಗಳು ಯುರೋಪಿನ ಬಾತುಬೇಟೆಯ ಜೌಗುಗಳಿಗೆ ಹೋಲಿಸಿದರೆ ತೀರಾ ವಿರಳ. ಬೆದರಿಸಲು ಬರೀ ಮದ್ದು ಸಿಡಿಸುವವರೇ ಹಲವರು. ಹಂದಿಗೆ ಹೊಡೆಯುವ ದಪ್ಪ ಗುಂಡನ್ನು ಹೆಬ್ಬಾತು ಹರಳೆಂದು ನುಂಗಲಾರದು, ಅಪಾಯವಿರುವುದು ಸಣ್ಣ ಚರೆಯಲ್ಲಿ. ಹೆಬ್ಬಾತು ಮುಳುಗು ಬಾತಿನಷ್ಟು ತಳ ಕೆದಕುವುದಿಲ್ಲ. ಕಾಲುದಾರಿ, ಬದು, ಹಳ್ಳದ ದಂಡೆಯಲ್ಲಿ ಹರಳು ಹೇರಳವಾಗಿ ಸಿಗುವಾಗ ಚರೆಯನ್ನೇ ಆರಿಸುವ ಸಂಭವ ಇನ್ನೂ ಕಡಿಮೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಅಂಶ ನಿಲ್ಲುತ್ತದೆ. ಮಂಗೋಲಿಯಾ, ಟಿಬೆಟ್‌, ಲಡಾಖ್‌ಗಳ ವಿಶಾಲ ನೆಲದಲ್ಲಿ ಚದುರಿ ಮರಿಮಾಡುವ ಹಕ್ಕಿಯ ದೊಡ್ಡದೊಂದು ಗುಂಪು ನಾಲ್ಕು ತಿಂಗಳು ಕೆಲವೇ ಹಳ್ಳಿಗಳ ಹೊಲಗಳ ಮೇಲೆ ಅವಲಂಬಿಸಿದಾಗ, ಸಣ್ಣ ಸಂಭವವೂ ಸಣ್ಣದಾಗಿ ಉಳಿಯುವುದಿಲ್ಲ.

ಜಾಗಕ್ಕೆ ಕಟ್ಟಿದ ನಿಯಮ ಸೋಲುವುದಕ್ಕೆ ಇಂಗ್ಲೆಂಡೇ ಸಾಕ್ಷಿ. ಅಲ್ಲಿ 1999ರಲ್ಲಿ ಬಾತುಬೇಟೆಗೆ ಮತ್ತು ದಡಪ್ರದೇಶಕ್ಕೆ ಸೀಸದ ಚರೆ ನಿಷೇಧವಾಯಿತು, ಉಳಿದ ಬೇಟೆಗೆ ಆಗಲಿಲ್ಲ. ಹತ್ತು ವರ್ಷದ ಮೇಲೆ ಮಾರುಕಟ್ಟೆಯಲ್ಲಿ ಕೊಂಡು ಪರೀಕ್ಷಿಸಿದ ಬಾತುಗಳಲ್ಲಿ ಸುಮಾರು 70 ಪ್ರತಿಶತ ಸೀಸದಿಂದಲೇ ಹೊಡೆದವಾಗಿದ್ದವು. ಜೇಬಿನಲ್ಲಿ ಸೀಸದ ತೋಟೆ ಕಾನೂನುಬದ್ಧವಾಗಿ ಇರುವವನು ಕೆರೆಯಂಚಿಗೆ ಬಂದಾಗ ಅದನ್ನು ಬದಲಿಸುವುದಿಲ್ಲ. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಎಲ್ಲ ಬೇಟೆಗೂ ನಿಷೇಧಿಸಿತು. ಅಲ್ಲಿ ಬೇಟೆ ನಿಂತಿಲ್ಲ, ಸೀಸ ನಿಂತಿದೆ.

ನಮಗೂ ಇಂಥ ದಾರಿ ಹೊಸದಲ್ಲ. ಭಾರತ 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆಯಿತು. 2016ರ ನಿಯಮಗಳು ಮನೆಬಣ್ಣದಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಇಳಿಸಿದವು. ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಔಷಧದ ಪಶುಬಳಕೆ 2006ರಲ್ಲಿ ನಿಂತಿತು. ಯಾರೂ ರಣಹದ್ದು ಇರುವ ತಾಲ್ಲೂಕಿಗೆ ಮಾತ್ರ ಆ ನಿಷೇಧ ಸಾಕೆಂದು ಹೇಳಲಿಲ್ಲ. ಮದ್ದುಗುಂಡು ಮಾತ್ರ ಈ ಸಾಲಿನಿಂದ ಹೊರಗುಳಿದಿದೆ. 2017ರ ಜೌಗುಪ್ರದೇಶ ನಿಯಮಗಳು ಕಳ್ಳಬೇಟೆಯನ್ನು ತಡೆಯುತ್ತವೆ, ಲೋಹದ ಮಾತು ಎತ್ತುವುದಿಲ್ಲ. ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಬೆಳೆಗೆ, ಜೀವಕ್ಕೆ ಕಂಟಕವಾದ ಪ್ರಾಣಿಯನ್ನು ಅನುಮತಿಯ ಮೇಲೆ ಹೊಡೆಯಲು ಬಿಡುತ್ತದೆ. ಹಾಗೆ ಹೊಡೆದ ಹಂದಿಯ ಕಳೇಬರದಲ್ಲಿ ಉಳಿಯುವ ಸೀಸ ಕಪ್ಪತಗುಡ್ಡದ ತೋಳ, ಕತ್ತೆಕಿರುಬಗಳ ಬಾಯಿಗೂ ಹೋಗುತ್ತದೆ. ಒಲೆಯ ಮೇಲೆ ಸೀಸ ಕರಗಿಸಿ ಗುಂಡು ಎರೆಯುವ ಮನೆಯಲ್ಲಿ ಮೊದಲ ಬಲಿ ಹಕ್ಕಿಯಲ್ಲ, ಅದೇ ಹೊಗೆಯಲ್ಲಿ ಆಡುವ ಮಗು. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬಂದೂಕು ಹಿಡಿದವರ ಆಕ್ಷೇಪಗಳನ್ನು ತಳ್ಳಿಹಾಕಲಾಗದು. ಹಳೆಯ ನಳಿಕೆಗಳು ಉಕ್ಕಿನ ಚರೆಗೆ ತಾಳುವುದಿಲ್ಲ. ಬಿಸ್ಮತ್ ತಾಳುತ್ತದೆ, ಬೆಲೆ ಹೆಚ್ಚು. ಪರ್ಯಾಯ ತೋಟೆ ಅಂಗಡಿಗೆ ಬಾರದೆ ನಿಷೇಧ ಬಂದರೆ ಅದು ಕಾಗದದಲ್ಲೇ ಉಳಿಯುತ್ತದೆ, ಆದ್ದರಿಂದ ಸರ್ಕಾರಿ ಮದ್ದುಗುಂಡು ಕಾರ್ಖಾನೆಗಳೇ ಮೊದಲು ಬದಲಾಗಬೇಕು. 1857ರ ನಿಶ್ಶಸ್ತ್ರೀಕರಣ ಕಾನೂನಿಗೆ ತಿರುಗಿಬಿದ್ದ ಹಲಗಲಿಯ ಬೇಡರನ್ನೂ, ಮರುವರ್ಷ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನನ್ನೂ ನೆನೆಯುವ ಸೀಮೆಯಿದು. ಇಲ್ಲಿ ಆಯುಧದ ಮೇಲಿನ ಯಾವ ನಿಯಮವೂ ಸಂಶಯ ಹುಟ್ಟಿಸುತ್ತದೆ. ಕೇಳುತ್ತಿರುವುದು ಬಂದೂಕನ್ನಲ್ಲ, ಅದರ ಬಾಯಿಂದ ಹೊರಬೀಳುವ ಲೋಹವನ್ನು. ಗುರಿಕಾರರ ಒಳಾಂಗಣ ಅಂಕಣಗಳ ಮಾತು ಬೇರೆ: ಅಲ್ಲಿ ಬಿದ್ದ ಸೀಸವನ್ನು ಗುಡಿಸಿ ಮರುಬಳಕೆಗೆ ಕಳಿಸಬಹುದು, ಗಾಳಿಯ ವ್ಯವಸ್ಥೆ ಸರಿಯಿದ್ದರೆ ಅವಸರ ಕಡಿಮೆ. ಬಯಲಿನಲ್ಲಿ ಚರೆ ಚೆಲ್ಲುವ ಟ್ರ್ಯಾಪ್ ಅಂಕಣಗಳಿಗೆ ಈ ರಿಯಾಯಿತಿ ಸಲ್ಲದು.

ತೀರ್ಮಾನವಾಗಬೇಕಾದ ಪ್ರಶ್ನೆಗಳು ಉಳಿದಿವೆ. ಎರೆಮಣ್ಣು ಚರೆಯನ್ನು ಮೇಲೆ ತರುತ್ತದೆಯೇ ಕೆಳಗೆ ಒಯ್ಯುತ್ತದೆಯೇ ಎಂಬುದು ವಾದದಿಂದ ಇತ್ಯರ್ಥವಾಗದು. ಮಾಗಡಿಯ ಅಂಗಳ, ಹೂಳು ಹೊಡೆದ ಹೊಲ, ಹೂಳು ಹೊಡೆಯದ ಹೊಲ ಮೂರರಿಂದಲೂ ಮಣ್ಣು ತೆಗೆದು ಜರಡಿ ಹಿಡಿಯಬೇಕು. ಸತ್ತು ಸಿಕ್ಕ ಹೆಬ್ಬಾತುಗಳನ್ನು ಹೂಳುವ ಮೊದಲು ಗಿಜರ್ಡ್ ಮತ್ತು ಯಕೃತ್ತಿನ ಪರೀಕ್ಷೆ ನಡೆಯಬೇಕು. ಹಳೆಯ ಬೇಟೆಯ ಪ್ರಮಾಣ ತಿಳಿಯಲು ಮುಂಬೈ ಪ್ರಾಂತ್ಯದ ಕಡತಗಳಷ್ಟೇ ಸಾಲವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದರಿಂದ ಆ ದಫ್ತರಗಳನ್ನೂ ನೋಡಬೇಕು. ಮಣ್ಣಿನ ಪರೀಕ್ಷೆಗೆ ಮಾತ್ರ ಕಾಯುವ ಕಾರಣವಿಲ್ಲ. ಕೆರೆ ಒಣಗಿ ಹೂಳೆತ್ತುವ ಬೇಸಿಗೆಯೇ ಅದಕ್ಕೆ ತಕ್ಕ ಕಾಲ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅರಣ್ಯ ಇಲಾಖೆ ಒಟ್ಟಾಗಿ ಮುಂದಿನ ಬೇಸಿಗೆಯಲ್ಲೇ ಅದನ್ನು ಕೈಗೆತ್ತಿಕೊಳ್ಳಬೇಕು.