ಟವರ್ ಬುಡದ ಕತ್ತಲೆ

ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತನ್ನು ರೇಡಿಯೊ ಎಂಜಿನಿಯರುಗಳು ಕಣ್ಣಾರೆ ಕಂಡದ್ದು 1990ರ ದಶಕದ ಕೊನೆಯಲ್ಲಿ, ಅಮೆರಿಕದ ನಗರಗಳಲ್ಲಿ. ಊರೆಲ್ಲ ಚೆನ್ನಾಗಿ ಕೇಳುತ್ತಿದ್ದ ಪೊಲೀಸ್ ವಾಕಿಟಾಕಿ ಯಾವುದೋ ಮೊಬೈಲ್ ಟವರ್ ಹತ್ತಿರ ಬಂದೊಡನೆ ಮೂಕವಾಗುತ್ತಿತ್ತು. ಆ ಬೀದಿ ದಾಟಿದರೆ ಮತ್ತೆ ಮಾತು. ಟವರ್ ಕೆಟ್ಟಿರಲಿಲ್ಲ, ವಾಕಿಟಾಕಿಯೂ ಕೆಟ್ಟಿರಲಿಲ್ಲ, ಇಬ್ಬರ ಪರವಾನಗಿಯೂ ಕ್ರಮಬದ್ಧವಾಗಿತ್ತು. ಯಾರ ತಪ್ಪೂ ಅಲ್ಲದ ಈ ತೊಂದರೆ ಬಗೆಹರಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಪೊಲೀಸರೂ ವ್ಯಾಪಾರಿಗಳೂ ತರಂಗಗಳ ಒಂದೇ ವಠಾರದಲ್ಲಿ ಇಕ್ಕಟ್ಟಾಗಿ ಬದುಕಿದ ಕಥೆ ಹಳೆಯದು. 1920ರ ದಶಕದ ಆರಂಭದಲ್ಲಿ ಡೆಟ್ರಾಯ್ಟ್ ಪೊಲೀಸರು ನಡೆಸಿದ ರೇಡಿಯೊ ಕೇಂದ್ರಕ್ಕೆ ಸಿಕ್ಕಿದ್ದು ಮನರಂಜನೆಯ ಪರವಾನಗಿ. ಹಾಗಾಗಿ ಕಳ್ಳರ ಸುದ್ದಿಯ ನಡುವೆ ಸಂಗೀತವನ್ನೂ ಹಾಕಬೇಕಾಗಿತ್ತು ಎಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಗಸ್ತು ಕಾರುಗಳಲ್ಲಿ ರೇಡಿಯೊ ನಿಜಕ್ಕೂ ಕೈಗೆ ಹತ್ತಿದ್ದು 1928ರಲ್ಲಿ. ಆಮೇಲಿನ ನಾಲ್ಕೈದು ದಶಕಗಳಲ್ಲಿ ಪೊಲೀಸ್, ಅಗ್ನಿಶಾಮಕ, ಟ್ಯಾಕ್ಸಿ, ಸಿಮೆಂಟ್ ಲಾರಿ, ಎಲ್ಲರಿಗೂ ರೇಡಿಯೊ ಬೇಕಾಯಿತು, ಜಾಗ ಸಾಲದಾಯಿತು. 1970ರ ದಶಕದಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ಟಿವಿಯ 70ರಿಂದ 83ರವರೆಗಿನ ಚಾನೆಲ್‌ಗಳನ್ನು ಕಿತ್ತುಕೊಂಡು 800 ಮೆಗಾಹರ್ಟ್ಸ್ ಪಟ್ಟಿಯನ್ನು ಇವರಿಗೆಲ್ಲ ಹಂಚಿತು. ಹಂಚಿದ ರೀತಿಯಲ್ಲೇ ಮುಂದಿನ ಜಗಳದ ಬೀಜವಿತ್ತು. ಪೊಲೀಸರಿಗೆ ಒಂದು ಚಾನೆಲ್, ಪಕ್ಕದ್ದು ಸರಕು ಕಂಪನಿಗೆ, ಅದರಾಚೆಯದು ಬಾಡಿಗೆ ರೇಡಿಯೊ ಸೇವೆಯವನಿಗೆ ಎಂದು ಬೆರಕೆಯಾಗಿ ಕೊಟ್ಟರು. 1987ರಲ್ಲಿ ಸಾರ್ವಜನಿಕ ಸುರಕ್ಷತೆಗೆಂದೇ ಇನ್ನೊಂದು ತುಂಡು ಸಿಕ್ಕಿತಾದರೂ, 866ರಿಂದ 869ರವರೆಗಿನ ಆ ತುಂಡಿನ ಗೋಡೆಗೆ ಒತ್ತಿಕೊಂಡೇ ಸೆಲ್ಯುಲಾರ್ ಫೋನ್‌ಗಳ ಪಟ್ಟಿ ಶುರುವಾಗುತ್ತಿತ್ತು.

ಇದು ಅಷ್ಟು ದಿನ ನಡೆದುಕೊಂಡು ಹೋದದ್ದಕ್ಕೆ ಕಾರಣವಿದೆ. ಎಲ್ಲರೂ ಒಂದೇ ಬಗೆಯಲ್ಲಿ ಮಾತಾಡುತ್ತಿದ್ದರು: ಗುಡ್ಡದ ಮೇಲೋ ಎತ್ತರದ ಕಟ್ಟಡದ ಮೇಲೋ ಒಂದು ದೊಡ್ಡ ಪ್ರಸಾರಕ, ಸುತ್ತ ಹತ್ತಾರು ಮೈಲಿ ವ್ಯಾಪ್ತಿ. ಈ ರೂಢಿ ಮುರಿದದ್ದು ನೆಕ್ಸ್‌ಟೆಲ್. 1987ರಲ್ಲಿ ಫ್ಲೀಟ್ ಕಾಲ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ಕಂಪನಿ ಟ್ಯಾಕ್ಸಿ, ಲಾರಿಗಳಿಗೆ ರೇಡಿಯೊ ಸೇವೆ ಕೊಡುತ್ತಿದ್ದ ಸಣ್ಣಪುಟ್ಟವರ ಪರವಾನಗಿಗಳನ್ನು ಒಂದೊಂದಾಗಿ ಕೊಂಡಿತು. 1991ರಲ್ಲಿ ಎಫ್‌ಸಿಸಿಯ ವಿಶೇಷ ಅನುಮತಿ ಪಡೆದು ಅದೇ ಚಾನೆಲ್‌ಗಳ ಮೇಲೆ ಮೊಬೈಲ್ ಫೋನಿನಂಥ ಡಿಜಿಟಲ್ ಜಾಲ ಕಟ್ಟಲು ಹೊರಟಿತು. ಚತುರ ನಡೆ, ಸಂಶಯವಿಲ್ಲ. ಅರಮನೆಯನ್ನು ಅದು ಗುಡಿಸಲುಗಳನ್ನು ಜೋಡಿಸಿ ಕಟ್ಟಿಕೊಂಡಿತು. ಮೊಟೊರೊಲಾದ ಐಡೆನ್ ತಂತ್ರಜ್ಞಾನ, ಒತ್ತಿ ಮಾತಾಡುವ ಗುಂಡಿ, ತಗ್ಗಿನಲ್ಲಿ ನಿಂತ ನೂರಾರು ಟವರ್‌ಗಳು.

ತೊಂದರೆ ಹುಟ್ಟಿದ್ದು ಆ ತಗ್ಗಿನಲ್ಲೇ. ಪೊಲೀಸಿನವನ ಕೈಯಲ್ಲಿರುವ ಸೆಟ್ಟು ಹತ್ತು ಮೈಲಿ ದೂರದ ಗುಡ್ಡದ ಪಿಸುಮಾತಿಗೆ ಕಿವಿಗೊಟ್ಟಿರುತ್ತದೆ. ಬೀದಿಯಾಚೆಯ ಟವರ್ ಅದರ ಕಿವಿಯಲ್ಲೇ ತಮಟೆ ಬಾರಿಸುತ್ತದೆ. ತಮಟೆ ಬೇರೆ ಚಾನೆಲ್ಲಿನದಾದರೂ ಪ್ರಯೋಜನವಿಲ್ಲ. ಪಟ್ಟಿಯ ಯಾವ ಮೂಲೆಯ ಚಾನೆಲ್ಲನ್ನಾದರೂ ಹಿಡಿಯಬೇಕಾದ ಸೆಟ್ಟಿನ ಮೊದಲ ಜರಡಿ (ಫಿಲ್ಟರ್) ಇಡೀ ಪಟ್ಟಿಗೆ ಬಾಗಿಲು ತೆರೆದಿಟ್ಟಿರುತ್ತದೆ. ಇದಕ್ಕಿಂತ ಕೆಟ್ಟದ್ದು ತರಂಗಗಳ ಕಲಬೆರಕೆ. ಟವರ್ 855 ಮತ್ತು 858 ಮೆಗಾಹರ್ಟ್ಸ್‌ಗಳಲ್ಲಿ ಜೋರಾಗಿ ಕೂಗಿದರೆ, ಅವೆರಡೂ ಸೆಟ್ಟಿನೊಳಗೇ ಬೆರೆತು 852ರಲ್ಲಿ ಮೂರನೆಯ ಭೂತವೊಂದನ್ನು ಹುಟ್ಟಿಸುತ್ತವೆ. 855ರ ಎರಡರಷ್ಟರಿಂದ 858 ಕಳೆದರೆ 852, ಲೆಕ್ಕ ಅಷ್ಟೇ. ಪೊಲೀಸರು ಕೇಳುತ್ತಿರುವುದು ಆ 852 ಆಗಿದ್ದರೆ ಕಥೆ ಮುಗಿಯಿತು. ಆ ಭೂತವನ್ನು ಗಾಳಿಗೆ ಬಿಟ್ಟವರು ಯಾರೂ ಇಲ್ಲ, ಹಾಗಾಗಿ ಹಿಡಿದು ದಂಡ ಹಾಕಲೂ ಬರುವುದಿಲ್ಲ.

ಮೊದಮೊದಲು ಒಂದೊಂದು ಟವರ್‌ಗೂ ಪ್ರತ್ಯೇಕ ಚಿಕಿತ್ಸೆ ನಡೆಯಿತು. ಆ್ಯಂಟೆನಾ ತಿರುಗಿಸುವುದು, ಶಕ್ತಿ ತಗ್ಗಿಸುವುದು, ಚಾನೆಲ್ ಬದಲಿಸುವುದು. 2000ದ ಡಿಸೆಂಬರಿನಲ್ಲಿ ಸಾರ್ವಜನಿಕ ಸುರಕ್ಷತಾ ಸಂಪರ್ಕಾಧಿಕಾರಿಗಳ ಸಂಘ ಎಪಿಸಿಒ, ನೆಕ್ಸ್‌ಟೆಲ್, ಮೊಟೊರೊಲಾ ಮುಂತಾದವರು ಸೇರಿ ಇದಕ್ಕೊಂದು ಕೈಪಿಡಿಯನ್ನೂ ತಂದರು. ಆದರೆ ಒಂದು ಟವರ್ ಸರಿಪಡಿಸುವಷ್ಟರಲ್ಲಿ ಹೊಸದೊಂದು ಏಳುತ್ತಿತ್ತು.

2001ರ ನವೆಂಬರಿನಲ್ಲಿ ನೆಕ್ಸ್‌ಟೆಲ್ ತಾನೇ ಮುಂದೆ ಬಂದು, ವಠಾರದ ಮನೆಗಳನ್ನೇ ಅದಲುಬದಲು ಮಾಡೋಣ ಎಂದಿತು. ಪೊಲೀಸರು ಒಂದು ಕಡೆ, ನಾವು ಇನ್ನೊಂದು ಕಡೆ, ನಡುವೆ ಖಾಲಿ ಓಣಿ. ಸಾಗಿಸುವ ಖರ್ಚಿಗೆ 50 ಕೋಟಿ ಡಾಲರ್ ಎಂದದ್ದು ಮರುವರ್ಷ 85 ಕೋಟಿಗೆ ಏರಿತು. ಇದು ಬರಿಯ ದಾನವಾಗಿರಲಿಲ್ಲ. ಬಿಟ್ಟುಕೊಡುವ ಚೂರುಪಾರಿಗೆ ಬದಲಾಗಿ ಬೇರೆಡೆ ಒಂದೇ ಕಡೆ ಹರಡಿದ ಅಚ್ಚುಕಟ್ಟಾದ ಜಾಗವನ್ನು ಕಂಪನಿ ಕೇಳಿತ್ತು. ಸಾರ್ವಜನಿಕರ ಸೊತ್ತನ್ನು ಹರಾಜಿಲ್ಲದೆ ಕೊಡುವುದೆಂದರೇನು ಎಂದು ಪ್ರತಿಸ್ಪರ್ಧಿ ಮೊಬೈಲ್ ಕಂಪನಿ ವೆರಿಝಾನ್ ವೈರ್‌ಲೆಸ್ ಗುಲ್ಲೆಬ್ಬಿಸಿತು. ಆ ತಕರಾರು ಹೊಟ್ಟೆಕಿಚ್ಚಿನಿಂದ ಬಂದದ್ದಿರಬಹುದು, ಆದರೆ ಪ್ರಶ್ನೆ ನ್ಯಾಯವಾದದ್ದೇ.

2004ರ ಜುಲೈನಲ್ಲಿ ಎಫ್‌ಸಿಸಿ ಮಾಡಿದ ತೀರ್ಮಾನ ಈ ಕ್ಷೇತ್ರದ ದೊಡ್ಡ ತಿರುವು. ನೆಕ್ಸ್‌ಟೆಲ್‌ಗೆ 1.9 ಗಿಗಾಹರ್ಟ್ಸ್‌ನಲ್ಲಿ 10 ಮೆಗಾಹರ್ಟ್ಸ್ ಕೊಟ್ಟು, ಅದರ ಬೆಲೆಯನ್ನು ಸುಮಾರು 480 ಕೋಟಿ ಡಾಲರ್ ಎಂದು ಕಟ್ಟಿತು. ಕಂಪನಿ ಬಿಟ್ಟುಕೊಟ್ಟ ಜಾಗದ ಬೆಲೆ ಮತ್ತು ಸಾಗಾಣಿಕೆಯ ಖರ್ಚು ಅಷ್ಟಕ್ಕೆ ಮುಟ್ಟದಿದ್ದರೆ ಉಳಿದದ್ದು ಸರ್ಕಾರದ ಖಜಾನೆಗೆ. ಖರ್ಚಿಗೆ ಮಿತಿಯಿಲ್ಲ, ಭದ್ರತೆಗೆ 250 ಕೋಟಿ ಡಾಲರಿನ ಬ್ಯಾಂಕ್ ಖಾತರಿ. ನನಗೆ ಇದಕ್ಕಿಂತ ಮಹತ್ವದ್ದಾಗಿ ಕಾಣುವುದು ಅದೇ ಆದೇಶದ ಇನ್ನೊಂದು ಭಾಗ. ಸುರಕ್ಷತಾ ಸೆಟ್ಟಿಗೆ ಇಷ್ಟು ಬಲದ ಸಂಕೇತ ಮುಟ್ಟುತ್ತಿದ್ದರೆ ಮಾತ್ರ ಅದಕ್ಕೆ ರಕ್ಷಣೆ, ದೂರು ಬಂದ 24 ಗಂಟೆಯೊಳಗೆ ಟವರ್‌ನವರು ಉತ್ತರಿಸಬೇಕು ಎಂದು ಅದು ಗೆರೆ ಎಳೆಯಿತು. ಅಡಚಣೆ ಎನ್ನುವುದು ಗೊಣಗಾಟವಾಗಿ ಉಳಿಯದೆ ಅಳೆಯಬಹುದಾದ ಸಂಗತಿಯಾಯಿತು.

2005ರ ಜೂನಿನಲ್ಲಿ ಕೆಲಸ ಶುರುವಾಯಿತು, ಗಡುವು ಮೂರು ವರ್ಷ. ಕಾಗದದ ಮೇಲೆ ಸುಲಭ: 866ರಿಂದ 869ರಲ್ಲಿದ್ದ ಸುರಕ್ಷತಾ ಚಾನೆಲ್‌ಗಳು 15 ಮೆಗಾಹರ್ಟ್ಸ್ ಕೆಳಗಿಳಿದು 851ರಿಂದ 854ಕ್ಕೆ ಬರಬೇಕು, ನೆಕ್ಸ್‌ಟೆಲ್ 862ರ ಮೇಲೇರಬೇಕು. ಆದರೆ 851ರಲ್ಲಿ ಇದ್ದವರು ಮೊದಲು ಖಾಲಿ ಮಾಡಬೇಕು. ಒಂದು ಊರಿನ ಪೊಲೀಸರು ಪಕ್ಕದೂರಿನ ಅಗ್ನಿಶಾಮಕರೊಡನೆ ಮಾತಾಡುವ ಸಾಮಾನ್ಯ ಚಾನೆಲ್‌ಗಳಿರುವುದರಿಂದ ಒಬ್ಬರೇ ಹೊರಡುವಂತಿಲ್ಲ. ಎಷ್ಟೋ ಸೆಟ್ಟುಗಳನ್ನು ಎರಡು ಬಾರಿ ಮುಟ್ಟಬೇಕಾಯಿತು, ಹೊಸ ಚಾನೆಲ್ ತುಂಬಲು ಒಮ್ಮೆ, ಹಳೆಯದನ್ನು ಅಳಿಸಲು ಇನ್ನೊಮ್ಮೆ. ಇಷ್ಟರ ಮೇಲೆ ನೆಕ್ಸ್‌ಟೆಲ್‌ಗೆ ಕೊಟ್ಟ ಹೊಸ ಜಾಗಕ್ಕಾಗಿ 2 ಗಿಗಾಹರ್ಟ್ಸ್ ಹತ್ತಿರ ಟಿವಿ ಸುದ್ದಿ ವ್ಯಾನ್‌ಗಳು ಬಳಸುತ್ತಿದ್ದ ಜಾಗವೂ ತೆರವಾಗಬೇಕಿತ್ತು, ಅದೇ ಮುಗಿದದ್ದು 2010ರಲ್ಲಿ. ಗಡಿಯಲ್ಲಿ ಇದೇ ತರಂಗಗಳನ್ನು ಹಂಚಿಕೊಳ್ಳಲು ಮೆಕ್ಸಿಕೊ ಜೊತೆ ಒಪ್ಪಂದ ಆದದ್ದು 2012ರಲ್ಲಿ.

ಅಷ್ಟರಲ್ಲಿ ಕಾಲವೇ ಬದಲಾಗಿತ್ತು. ನೆಕ್ಸ್‌ಟೆಲ್ 2005ರಲ್ಲೇ ಸ್ಪ್ರಿಂಟ್ ಎಂಬ ಫೋನ್ ಕಂಪನಿಯ ಜೊತೆ ಸೇರಿತ್ತು. ಯಾವ ಐಡೆನ್ ಜಾಲಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದನ್ನು 2013ರ ಜೂನ್ 30ರಂದು ಆರಿಸಿದರು. 2020ರಲ್ಲಿ ಸ್ಪ್ರಿಂಟ್ ಟಿ-ಮೊಬೈಲ್‌ನೊಳಗೆ ಕರಗಿತು. ಎಫ್‌ಸಿಸಿ ಕಡತ ಮುಚ್ಚಿದ್ದು 2021ರಲ್ಲಿ.

ಇಂಥ ನೆರೆಹೊರೆಯ ಜಗಳ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮಲ್ಲಿ ಸಿಡಿಎಂಎ ಟವರ್‌ಗಳು 889 ಮೆಗಾಹರ್ಟ್ಸ್‌ವರೆಗೆ ಮಾತಾಡುತ್ತಿದ್ದ ಕಾಲಕ್ಕೆ ಜಿಎಸ್‌ಎಂ ಟವರ್‌ಗಳು 890ರಿಂದಲೇ ಕಿವಿಗೊಡುತ್ತಿದ್ದವು. ಅಮೆರಿಕದಲ್ಲೇ ಆಮೇಲೆ ಲೈಟ್‌ಸ್ಕ್ವೇರ್ಡ್ ಜಾಲಕ್ಕೂ ಜಿಪಿಎಸ್‌ಗೂ, 5ಜಿಗೂ ವಿಮಾನಗಳ ಎತ್ತರಮಾಪಕಗಳಿಗೂ ಇದೇ ರೀತಿ ತಿಕ್ಕಾಟವಾಯಿತು. ಪ್ರತಿ ಸಲವೂ ಕೂಗುವವನ ಮೇಲೇ ನಿಯಮ, ಕೇಳುವವನ ಕಿವಿ ಹೇಗಿರಬೇಕೆಂದು ಕೇಳಿದವರು ಕಡಿಮೆ. 2004ರ ಆದೇಶ ಸುರಕ್ಷತಾ ಸೆಟ್ಟುಗಳ ಗುಣಮಟ್ಟದ ಮಾತೆತ್ತಿತ್ತಾದರೂ ಅದನ್ನು ರಕ್ಷಣೆ ಪಡೆಯುವ ಷರತ್ತಿನ ಮಟ್ಟಿಗೆ ನಿಲ್ಲಿಸಿತು. 2023ರ ಏಪ್ರಿಲಿನಲ್ಲಿ ಎಫ್‌ಸಿಸಿ ಕೊನೆಗೂ ಒಂದು ನೀತಿ ಹೇಳಿಕೆ ಹೊರಡಿಸಿ, ಪಕ್ಕದ ಪಟ್ಟಿಯ ಗದ್ದಲ ತಡೆದುಕೊಳ್ಳುವ ಹೊಣೆ ಕೇಳುವ ಯಂತ್ರಗಳಿಗೂ ಇದೆ ಎಂದಿತು. ಕಡ್ಡಾಯದ ಮಾನದಂಡವನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ.